ಒಂದು ಮೂಟೆ ಬಿತ್ತನೆ, ಇಪ್ಪತ್ತೈದು ಹಿತ್ತಲು

‘ಅಣ್ಣಾ, ಉರ್ಲಗಡ್ಡೆ ಬಿತ್ನೆ ಎಲ್ಲಿ ಸಿಗ್ತೈತೆ?’

ಮೊಳಕಾಲ್ಮುರಿನ ಮಗ್ಗದ ಮನೆಯೊಂದರ ಹೆಣ್ಣುಮಗಳು ಕೇಳಿದ ಪ್ರಶ್ನೆ ಇದು. ಅವರ ಹಿತ್ತಲಲ್ಲಿ ನುಗ್ಗೆ, ಬದನೆ, ಕರಿಬೇವು, ಬಚ್ಚಲ ನೀರಿಗೆ ಎದ್ದ ಬಾಳೆ ಎಲ್ಲವೂ ಇವೆ. ಹೀರೆ ಬೀಜ ತವರಿನಿಂದ ಬಂತು, ಅವರೆ ಬೀಜ ಪಕ್ಕದ ಮನೆಯಿಂದ, ಮೆಣಸಿನ ಸಸಿ ಸಂತೆಯಿಂದ. ಆಲೂಗಡ್ಡೆಯ ಬಿತ್ತನೆ ಮಾತ್ರ ಯಾವ ದಿಕ್ಕಿನಿಂದಲೂ ಬರಲಿಲ್ಲ. ಚಳ್ಳಕೆರೆಯ ಬೀಜದ ಅಂಗಡಿಗಳಲ್ಲಿ ಶೇಂಗಾ, ಈರುಳ್ಳಿ, ಸೂರ್ಯಕಾಂತಿ, ಮೆಕ್ಕೆಜೋಳ ಕೇಳಿದರೆ ನಾಲ್ಕು ಬಗೆ ತೋರಿಸುತ್ತಾರೆ. ಆಲೂಗಡ್ಡೆ ಎಂದರೆ ತರಕಾರಿ ಅಂಗಡಿಯ ಕಡೆ ಕೈ ತೋರಿಸುತ್ತಾರೆ.

ಅವರು ಹಾಗೆ ಮಾಡುವುದಕ್ಕೆ ಕಾರಣವಿದೆ. ಮೊಳಕಾಲ್ಮುರು, ಚಳ್ಳಕೆರೆ ಎಂಬ ನಮ್ಮ ಈ ಎರಡು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳ ಸಾಲಿನವು. ಇಲ್ಲಿ ಶೇಂಗಾ ಬೆಳೆದರು, ಅದಕ್ಕೆ ಎಣ್ಣೆ ಮಿಲ್ಲುಗಳು ಎದ್ದವು, ಚಳ್ಳಕೆರೆ ಎಣ್ಣೆಯ ಊರಾಯಿತು. ಕೊಳವೆಬಾವಿ ಬಂದಮೇಲೆ ಈರುಳ್ಳಿ, ಟೊಮೆಟೊ ಬಂದವು. ಆಲೂಗಡ್ಡೆ ಹೊಲದ ಬೆಳೆಯಾಗಿ ಇಲ್ಲಿ ನೆಲೆಯೂರಲಿಲ್ಲ. ಹೊಲದ ಬೆಳೆ ಇಲ್ಲದ ಕಡೆ ಬಿತ್ತನೆಯ ವ್ಯಾಪಾರಿಯೂ ಇರುವುದಿಲ್ಲ. ಆದರೆ ಹೊಲಕ್ಕೆ ಒಗ್ಗದ ಬೆಳೆ ಹಿತ್ತಲಿಗೂ ಒಗ್ಗದು ಎನ್ನುವುದು ತಪ್ಪು ಲೆಕ್ಕ. ಹೊಲದಲ್ಲಿ ಎಕರೆಗಟ್ಟಲೆ ತಂಪು ಮಾಡಲಾಗದು; ಹಿತ್ತಲಲ್ಲಿ ಹತ್ತಡಿ ಮಡಿಯನ್ನು ತಂಪಾಗಿ ಇಟ್ಟುಕೊಳ್ಳಬಹುದು.

ಮೊದಲು ಅಡುಗೆಮನೆಯ ಬುಟ್ಟಿಯ ವಿಷಯ. ಬಿತ್ತನೆ ಸಿಗದವರು ಮಾಡುವುದು ಒಂದೇ: ಮೊಳಕೆ ಬಂದ ಗಡ್ಡೆಯನ್ನು ಕತ್ತರಿಸಿ ನೆಡುವುದು. ನಾನೂ ಒಂದು ವರ್ಷ ಮುಂಗಾರಿನ ಮೊದಲ ಹನಿ ಬಿದ್ದಾಗ ನೆಟ್ಟಿದ್ದೆ. ಅರ್ಧ ಹೋಳುಗಳು ಮಣ್ಣಿನಲ್ಲೇ ಕೊಳೆತವು. ಉಳಿದವು ಮೊಣಕಾಲುದ್ದ ಸೊಂಪಾಗಿ ಬೆಳೆದವು. ಅಗೆದಾಗ ಸಿಕ್ಕಿದ್ದು ಗೋಲಿಗಾತ್ರದ ನಾಲ್ಕಾರು ಗಡ್ಡೆ. ಗಿಡ ಅಷ್ಟು ಚೆನ್ನಾಗಿದ್ದೂ ಗಡ್ಡೆ ಏಕಿಲ್ಲ ಎಂಬುದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಆಲೂಗಡ್ಡೆ ಬೇರಲ್ಲ, ನೆಲದೊಳಗೆ ಉಬ್ಬಿದ ಕಾಂಡ. ಎಲೆ ಹಗಲಲ್ಲಿ ಮಾಡಿದ ಆಹಾರವನ್ನು ಗಿಡ ರಾತ್ರಿ ಕೆಳಗಿಳಿಸಿ ಅಲ್ಲಿ ಕೂಡಿಡುತ್ತದೆ. ರಾತ್ರಿಯ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿದ್ದರೆ ಈ ಕೆಲಸ ಸರಾಗ. ರಾತ್ರಿಯೂ ಸೆಕೆಯಿದ್ದರೆ ಗಿಡ ತಾನು ಮಾಡಿದ್ದನ್ನು ಉಸಿರಾಟಕ್ಕೇ ಸುಟ್ಟುಕೊಳ್ಳುತ್ತದೆ, ಇಲ್ಲವೇ ಎಲೆಗೆ ಕಾಂಡಕ್ಕೆ ಸುರಿಯುತ್ತದೆ. ನಮ್ಮಲ್ಲಿ ಅಂಥ ತಂಪು ರಾತ್ರಿಗಳು ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗಿ ಸಂಕ್ರಾಂತಿ ದಾಟುವವರೆಗೆ ಇರುತ್ತವೆ. ನಾನು ಜೂನ್‌ನಲ್ಲಿ ನೆಟ್ಟಿದ್ದೇ ಮೊದಲ ತಪ್ಪು.

ಎರಡನೆಯ ತಪ್ಪು ಗಡ್ಡೆಯದು. ತಿನ್ನಲು ಮಾರುವ ಆಲೂಗಡ್ಡೆ ಹಲವು ತಿಂಗಳು ಕೋಲ್ಡ್ ಸ್ಟೋರೇಜಿನಲ್ಲಿ ಇದ್ದು ಬಂದಿರುತ್ತದೆ. ಮೊಳಕೆ ಒಡೆಯದಿರಲೆಂದು ಕೆಲವು ಉಗ್ರಾಣಗಳಲ್ಲಿ ಅದಕ್ಕೆ ಸಿಐಪಿಸಿ ಎಂಬ ರಾಸಾಯನಿಕದ ಹೊಗೆ ಕೊಟ್ಟಿರುತ್ತಾರೆ. ಅಂಥ ಗಡ್ಡೆ ಕಣ್ಣು ಬಿಡುವುದೇ ಕಷ್ಟ, ಬಿಟ್ಟರೂ ಮೊಳಕೆ ನವೆಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣದ್ದು. ಬೀಜದಿಂದ ಹುಟ್ಟುವ ಗಿಡಕ್ಕೆ ತಾಯಿಗಿಡದ ನಂಜುರೋಗ ದಾಟುವುದು ಕಡಿಮೆ. ಗಡ್ಡೆಯಿಂದ ಹುಟ್ಟುವ ಗಿಡ ತಾಯಿಯ ದೇಹದ್ದೇ ತುಂಡು. ತಾಯಿಗೆ ಎಲೆಮುರುಟು ನಂಜು ಇದ್ದರೆ ಮಗುವಿಗೂ ಇರುತ್ತದೆ, ಮೊಮ್ಮಗುವಿಗೆ ಇನ್ನೂ ಹೆಚ್ಚಾಗಿ. ಒಂದೇ ಗಡ್ಡೆಯನ್ನು ವರ್ಷದಿಂದ ವರ್ಷಕ್ಕೆ ನೆಡುತ್ತಾ ಹೋದರೆ ಇಳುವರಿ ಇಳಿಯುತ್ತಲೇ ಹೋಗುವುದು ಇದರಿಂದ. ‘ತಳಿ ಕೆಟ್ಟಿತು’ ಎಂದು ರೈತರು ಹೇಳುವಾಗ ಬಹಳ ಸಲ ಕೆಟ್ಟಿರುವುದು ತಳಿಯಲ್ಲ, ಬಿತ್ತನೆ.

ಈ ನಂಜನ್ನು ಗಿಡದಿಂದ ಗಿಡಕ್ಕೆ ಹೊರುವುದು ಸಸ್ಯಹೇನು. ಒಂದು ಕಾಲಕ್ಕೆ ಹೇನು ಕಡಿಮೆಯಿರುವ ಹಿಮಾಲಯದ ಎತ್ತರದಲ್ಲಿ ಮಾತ್ರ ಒಳ್ಳೆಯ ಬಿತ್ತನೆ ಬೆಳೆಯಲು ಸಾಧ್ಯ ಎಂದು ನಂಬಿದ್ದರು. ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಟ್ನಾದಲ್ಲಿ ಶುರುವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಅಲ್ಲಿನ ವಿಜ್ಞಾನಿ ಪುಷ್ಕರನಾಥ್ ಮತ್ತು ಅವರ ಜೊತೆಗಾರರು ಸುಮಾರು ಆರು ದಶಕಗಳ ಹಿಂದೆ ಬಯಲಿಗೂ ಒಂದು ದಾರಿ ತೋರಿಸಿದರು. ಉತ್ತರದ ಬಯಲಿನಲ್ಲಿ ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ ಹೇನು ತೀರಾ ಕಡಿಮೆ. ಆ ಕಿಂಡಿಯಲ್ಲೇ ಬಿತ್ತನೆ ಬೆಳೆ ಬೆಳೆಸಿ, ನೂರು ಎಲೆಗೆ ಇಪ್ಪತ್ತು ಹೇನು ತಲುಪುವ ಮೊದಲೇ ಗಿಡದ ಮೇಲ್ಭಾಗವನ್ನು ಕತ್ತರಿಸಿ ಹಾಕಿದರೆ ಗಡ್ಡೆ ನಂಜಿಲ್ಲದೆ ಉಳಿಯುತ್ತದೆ. ಹೇನನ್ನು ಎಣಿಸಿ ಕೊಯ್ಲಿನ ದಿನ ಗೊತ್ತುಮಾಡುವ ಈ ಪದ್ಧತಿ ನನಗೆ ತುಂಬ ಮೆಚ್ಚುಗೆ. ಪಂಜಾಬಿನ ಜಲಂಧರ್ ಸುತ್ತಲ ಸೀಮೆ ಇಡೀ ದೇಶಕ್ಕೆ ಬಿತ್ತನೆ ಗಡ್ಡೆ ಕಳಿಸುವ ನೆಲವಾಗಿದ್ದು ಹೀಗೆ. ಹಾಸನದ ರೈತ ನೆಡುವ ಗಡ್ಡೆ ಲಾರಿಯಲ್ಲಿ ಅಲ್ಲಿಂದಲೇ ಬರುತ್ತದೆ.

ಹಾಗಾದರೆ ನಮ್ಮ ಹಿತ್ತಲಿಗೂ ಅದೇ ಲಾರಿಯ ಗಡ್ಡೆಯೇ ಬೇಕು. ಅದನ್ನು ಹಿಡಿಯುವುದು ಎಲ್ಲಿ, ಯಾವಾಗ?

ಬಹುತೇಕರಿಗೆ ಮೊದಲು ನೆನಪಾಗುವುದು ಹಾಸನ. ಅಲ್ಲಿಯ ಎಪಿಎಂಸಿ ಯಾರ್ಡಿನಲ್ಲಿ ಮೇ ತಿಂಗಳು ಬಂದರೆ ಬಿತ್ತನೆ ಮೂಟೆಗಳ ರಾಶಿ, ರೈತರ ಸಾಲು. ಆದರೆ ಅದು ಮುಂಗಾರಿನ ಬಿತ್ತನೆ. ಮಲೆನಾಡಿನ ಅಂಚಿನ ತಂಪಿಗೆ, ಅಲ್ಲಿಯ ಮಳೆಗೆ ಹೊಂದಿದ್ದು. ಮೇನಲ್ಲಿ ತಂದ ಗಡ್ಡೆಯನ್ನು ಅಕ್ಟೋಬರಿನವರೆಗೆ ಚಳ್ಳಕೆರೆಯ ಮನೆಯಲ್ಲಿ ಇಡಲಾಗದು. ಮೊಳಕೆ ಉದ್ದುದ್ದ ಚಾಚಿ ಗಡ್ಡೆ ಸುಕ್ಕುತ್ತದೆ. ನಮ್ಮ ಕಾಲಕ್ಕೆ ಕೂಡುವುದು ಚಿಕ್ಕಬಳ್ಳಾಪುರ ಮತ್ತು ಕೋಲಾರದ ಕಡೆಯ ಹಿಂಗಾರಿ ಬಿತ್ತನೆ. ಅಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ನೆಡುತ್ತಾರೆ, ಆ ಹೊತ್ತಿಗೆ ಬಿತ್ತನೆ ಮಾರಾಟಕ್ಕೆ ಬರುತ್ತದೆ. ನಾವು ಹುಡುಕಬೇಕಾದ ವ್ಯಾಪಾರಿ ಅಲ್ಲಿದ್ದಾರೆ. ಅಂದಹಾಗೆ, ಅಲ್ಲಿ ಉರುಳಗಡ್ಡೆ ಎನ್ನುತ್ತಾರೆ. ಗಡಿಯಾಚೆ ರಾಯದುರ್ಗದ ತೆಲುಗಿನಲ್ಲೂ ಹೆಚ್ಚೂಕಡಿಮೆ ಅದೇ ಮಾತು. ಬೆಳಗಾವಿಗೆ ಹೋದರೆ ಬಟಾಟಿ. ಹೆಸರು ಏನಾದರೂ ಇರಲಿ, ಕೇಳುವಾಗ ‘ಬಿತ್ತನೆ’ ಎಂಬ ಮಾತನ್ನು ಒತ್ತಿ ಹೇಳಬೇಕು.

ಇಲ್ಲಿ ಎದುರಾಗುವುದು ಮೂಟೆಯ ಸಮಸ್ಯೆ. ಬಿತ್ತನೆ ಆಲೂಗಡ್ಡೆ ಮಾರುವುದು 50 ಕೆಜಿ ಮೂಟೆಯ ಲೆಕ್ಕದಲ್ಲಿ. ಎಕರೆಗೆ ಹತ್ತು ಹನ್ನೆರಡು ಮೂಟೆ ಒಯ್ಯುವ ರೈತರ ನಡುವೆ ನಿಂತು ಎರಡು ಕೆಜಿ ಕೇಳಿದರೆ ವ್ಯಾಪಾರಿಗೆ ಬಿಡುವಿರುವುದಿಲ್ಲ; ಒಂದು ಮೂಟೆ ಬಿಚ್ಚಿದರೆ ಉಳಿದದ್ದು ಅವರಿಗೆ ಹೊರೆ. ಮೊಬೈಲಿನಲ್ಲಿ ಸಣ್ಣ ಪೊಟ್ಟಣ ಸಿಗುತ್ತದಲ್ಲ ಎನ್ನುತ್ತಾರೆ. ಬಣ್ಣಬಣ್ಣದ ಆಲೂಗಡ್ಡೆಯ ಚಿತ್ರ ಅಂಟಿಸಿ ‘ಆಲೂಗಡ್ಡೆ ಬೀಜ’ ಎಂದು ಕಾಳು ಮಾರುವ ಪೊಟ್ಟಣಗಳಿಂದ ದಯವಿಟ್ಟು ದೂರವಿರಿ. ಆಲೂಗಡ್ಡೆಗೆ ಕಾಯಿ, ಅದರೊಳಗೆ ಬೀಜ ಇರುವುದು ನಿಜ. ಆದರೆ ನಮ್ಮ ಬಯಲಿನ ಕಿರುಹಗಲಿನಲ್ಲಿ ಗಿಡ ಹೂ ಬಿಟ್ಟು ಕಾಯಿ ಕಟ್ಟುವುದೇ ಅಪರೂಪ. ಕಟ್ಟಿದರೂ ಆ ಬೀಜದಿಂದ ಎದ್ದ ಒಂದೊಂದು ಗಿಡವೂ ಒಂದೊಂದು ತರಹ. ಹೊಸ ತಳಿ ಎಬ್ಬಿಸುವ ವಿಜ್ಞಾನಿಗೆ ಬೇಕಾದದ್ದು ಅದು, ಸಾರಿಗೆ ಗಡ್ಡೆ ಬೇಕಾದವರಿಗಲ್ಲ.

ಮೂಟೆ ಒಂದು ಮನೆಗೆ ಹೆಚ್ಚು, ಆದರೆ ಒಂದು ಬೀದಿಗೆ ಸರಿಯಾದ ಅಳತೆ. ಲೆಕ್ಕ ಹಾಕಿ ನೋಡಿ. ಒಳ್ಳೆಯ ಬಿತ್ತನೆ ಗಡ್ಡೆ 40ರಿಂದ 50 ಗ್ರಾಂ ತೂಗುತ್ತದೆ, ಕೋಳಿಮೊಟ್ಟೆಗಿಂತ ಕೊಂಚ ಚಿಕ್ಕದು. ಎರಡು ಕೆಜಿಯಲ್ಲಿ ನಲವತ್ತರಿಂದ ಐವತ್ತು ಗಡ್ಡೆ. ಸಾಲಿನಿಂದ ಸಾಲಿಗೆ ಎರಡಡಿ, ಗಡ್ಡೆಯಿಂದ ಗಡ್ಡೆಗೆ ಮುಕ್ಕಾಲು ಅಡಿಗೆ ಕೊಂಚ ಕಡಿಮೆ ಬಿಟ್ಟರೆ ಹತ್ತಡಿ ಉದ್ದ, ಆರಡಿ ಅಗಲದ ನೆಲದಲ್ಲಿ ಅವಷ್ಟೂ ಕೂರುತ್ತವೆ. ಗಿಡಕ್ಕೆ ಕಾಲು ಕೆಜಿ ಬಂದರೂ ಹತ್ತು ಕೆಜಿ ದಾಟುತ್ತದೆ. ಹಾಗೆ ಮನೆಗೆ ಎರಡು ಕೆಜಿಯಂತೆ ಹಂಚಿದರೆ ಒಂದು ಮೂಟೆ ಇಪ್ಪತ್ತೈದು ಮನೆಗೆ ಆಗುತ್ತದೆ. ಊರೂರಲ್ಲಿ ಸ್ತ್ರೀಶಕ್ತಿ ಸಂಘಗಳಿವೆ, ವಾರವಾರ ಸೇರುತ್ತಾರೆ, ಹಣ ಕೂಡಿಸಿ ಲೆಕ್ಕ ಬರೆಯುವ ರೂಢಿಯಿದೆ. ಒಂದು ಸಂಘ ಮನಸ್ಸು ಮಾಡಿದರೆ ಮೂಟೆಯ ದುಡ್ಡು ಭಾರವಲ್ಲ. ಸಾಗಣೆಗೂ ದಾರಿಯಿದೆ: ನಮ್ಮ ಈರುಳ್ಳಿ ಹೊತ್ತ ಲಾರಿಗಳು ಬೆಂಗಳೂರಿಗೆ ಹೋಗಿ ಬರುತ್ತಲೇ ಇರುತ್ತವೆ, ಅಲ್ಲಿಂದ ಚಿಕ್ಕಬಳ್ಳಾಪುರ ದೂರವಲ್ಲ. ಆದರೆ ಬೆಂಗಳೂರಿನ ಮಂಡಿಯಲ್ಲೇ ಸಿಕ್ಕ ಗಡ್ಡೆಯನ್ನು ಬಿತ್ತನೆ ಎಂದು ತರಬೇಡಿ. ಅದು ತಿನ್ನುವ ಗಡ್ಡೆ.

ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ತಳಿಯ ಹೆಸರನ್ನು. ನಾನಾದರೆ ಅದನ್ನು ಕೊನೆಗೆ ಕೇಳುತ್ತೇನೆ. ಈ ಗಡ್ಡೆ ಎಲ್ಲಿ ಬೆಳೆದದ್ದು, ಯಾವ ತಿಂಗಳು ಕಿತ್ತದ್ದು, ಕೋಲ್ಡ್ ಸ್ಟೋರೇಜಿನಿಂದ ಯಾವ ದಿನ ಹೊರಬಂತು, ಮೂಟೆಗೆ ಚೀಟಿ ಇದೆಯೇ — ಇವು ಮೊದಲು. ಬೀಜ ಕಾಯಿದೆಯ ಪ್ರಕಾರ ಪ್ರಮಾಣಿತ ಬಿತ್ತನೆಗೆ ನೀಲಿ ಚೀಟಿ, ಅದಕ್ಕೂ ಮೇಲಿನ ಮೂಲಬೀಜಕ್ಕೆ ಬಿಳಿ ಚೀಟಿ. ಎಲ್ಲ ಮೂಟೆಗೂ ಚೀಟಿ ಇರುವುದಿಲ್ಲ. ಇಲ್ಲದ ಕಡೆ ನಿಮ್ಮ ಕಣ್ಣೇ ಚೀಟಿ. ಒಂದೆರಡು ಗಡ್ಡೆ ಅಡ್ಡಲಾಗಿ ಕೊಯ್ದು ನೋಡಿ. ಒಳಗೆ ಕಂದು ಉಂಗುರ ಕಂಡರೆ, ಹಿಚುಕಿದಾಗ ಅದರಿಂದ ಹಾಲಿನಂತಹ ಲೋಳೆ ಒಸರಿದರೆ ಅದು ದುಂಡಾಣುವಿನ ಸೊರಗು ರೋಗ. ಆ ಮೂಟೆ ಹಿತ್ತಲಿಗೆ ಬಂದರೆ ಆಲೂಗಡ್ಡೆ ಮಾತ್ರವಲ್ಲ, ಮುಂದೆ ಬದನೆ, ಟೊಮೆಟೊ ಕೂಡ ಆ ಮಣ್ಣಿನಲ್ಲಿ ಬಾಡುತ್ತವೆ. ಇವೆಲ್ಲ ಒಂದೇ ಕುಟುಂಬದ ಗಿಡಗಳು.

ಊಟಿಗೆ ಪ್ರವಾಸ ಹೋದವರು ಅಲ್ಲಿಯ ಮಣ್ಣು ಮೆತ್ತಿದ ಗಡ್ಡೆ ನೋಡಿ ‘ಇದನ್ನೇ ನೆಟ್ಟು ನೋಡೋಣ’ ಎಂದು ಚೀಲ ತುಂಬಿಸಿಕೊಂಡು ಬರುವುದುಂಟು. ತಿನ್ನಲು ತನ್ನಿ, ನೆಡಲು ಬೇಡ. ನೀಲಗಿರಿಯ ಮಣ್ಣಿನಲ್ಲಿ ಆಲೂಗಡ್ಡೆಯ ಕೋಶ ಜಂತುಹುಳ 1961ರಲ್ಲೇ ಪತ್ತೆಯಾಗಿದೆ. ಸಾಸಿವೆಗಿಂತ ಸಣ್ಣ ಕೋಶದೊಳಗೆ ಅದರ ಮೊಟ್ಟೆಗಳು ವರ್ಷಾನುಗಟ್ಟಲೆ ಜೀವ ಹಿಡಿದಿರುತ್ತವೆ. ಅಲ್ಲಿಯ ಗಡ್ಡೆಯನ್ನು ಬಿತ್ತನೆಗೆಂದು ಹೊರಗೆ ಸಾಗಿಸಲು ನಿರ್ಬಂಧವಿರುವುದು ಅದಕ್ಕೇ. ಹಿಮಾಚಲ, ಉತ್ತರಾಖಂಡ, ಜಮ್ಮು-ಕಾಶ್ಮೀರದಲ್ಲೂ ಅದೇ ಹುಳ ಕಂಡಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಅಲ್ಲಿಯ ಬಿತ್ತನೆಗೂ ತಡೆ ಹಾಕಿತು. ಗಡ್ಡೆಗೆ ಅಂಟಿದ ಒಂದು ಚಿಟಿಕೆ ಮಣ್ಣು ಎಷ್ಟು ದೂರ ಬರಬಲ್ಲದು ಎಂಬುದನ್ನು ಈ ತಡೆಗಳೇ ಹೇಳುತ್ತವೆ.

ಈಗ ತಳಿ. ನಮ್ಮ ದೇಶದ ಬಹುಪಾಲು ಆಲೂಗಡ್ಡೆಗೆ ‘ಕುಫ್ರಿ’ ಎಂಬ ಮನೆತನದ ಹೆಸರು. ಶಿಮ್ಲಾ ಬಳಿಯ ಬೆಟ್ಟದೂರು ಅದು. ಅಲ್ಲಿಯ ಬೇಸಿಗೆಯ ದೀರ್ಘ ಹಗಲಿನಲ್ಲಿ ಆಲೂಗಡ್ಡೆ ಧಾರಾಳ ಹೂ ಬಿಡುವುದರಿಂದ ತಳಿಗಳನ್ನು ಬೆರೆಸುವ ಕೆಲಸ ಅಲ್ಲಿ ನಡೆಯುತ್ತದೆ. ಕರ್ನಾಟಕದ ರೈತರ ಕೈಯಲ್ಲಿ ಹೆಚ್ಚು ಕಾಲ ನಿಂತದ್ದು 1968ರ ಕುಫ್ರಿ ಜ್ಯೋತಿ. ಬಿಳಿಚು ತಿಳಿಸಿಪ್ಪೆ, ಆಳವಿಲ್ಲದ ಕಣ್ಣು, ಸಾಂಬಾರಿಗೂ ಪಲ್ಯಕ್ಕೂ ಒಗ್ಗುವ ತಿರುಳು. ಅಂಗಮಾರಿ ರೋಗವನ್ನು ತಡೆಯುವ ಶಕ್ತಿ ಅದಕ್ಕೆ ಮೊದಲು ಇತ್ತು, ಈಗ ಉಳಿದಿಲ್ಲ. ಹಾಸನ ಸೀಮೆಯ ಆಲೂಗಡ್ಡೆ ಹೊಲಗಳು ಕುಗ್ಗುತ್ತ ಬಂದುದರ ಹಿಂದೆ ಈ ಅಂಗಮಾರಿಯ ಪಾಲು ದೊಡ್ಡದು. 1845ರಿಂದ ಐರ್ಲೆಂಡನ್ನು ಹಸಿವಿಗೆ ದೂಡಿದ ರೋಗವೂ ಇದೇ. ಆದರೆ ಅಂಗಮಾರಿಗೆ ಬೇಕಾದದ್ದು ಮೋಡ, ಜಿಟಿಜಿಟಿ ಮಳೆ, ಎಲೆಯ ಮೇಲೆ ಆರದ ತೇವ. ಚಳ್ಳಕೆರೆ, ಮೊಳಕಾಲ್ಮುರಿನ ಒಣಗಾಳಿಯ ಡಿಸೆಂಬರ್‌ನಲ್ಲಿ ಅದು ಹಬ್ಬುವುದು ಕಷ್ಟ. ಮಳೆ ಕಡಿಮೆ ಎಂದು ನಾವು ಕೊರಗುವ ಈ ನೆಲಕ್ಕೆ ಇದೊಂದು ಅನುಕೂಲ. ಆದ್ದರಿಂದ ಹಿತ್ತಲಿಗೆ ಜ್ಯೋತಿಯೇ ಸಿಕ್ಕರೂ ಬೇಡ ಎನ್ನಬೇಕಿಲ್ಲ.

ಆರಿಸಿಕೊಳ್ಳುವ ಅವಕಾಶ ಸಿಕ್ಕರೆ ನಾನು ಹುಡುಕುವುದು ಕುಫ್ರಿ ಸೂರ್ಯವನ್ನು. 2006ರಲ್ಲಿ ಬಂದ ಈ ತಳಿಯನ್ನು ಬಿಸಿ ತಡೆಯಲೆಂದೇ ಎಬ್ಬಿಸಿದ್ದು. ಬೇರೆಯವು ಗಡ್ಡೆ ಕಟ್ಟಲು ಹಿಂಜರಿಯುವ ಬೆಚ್ಚನೆಯ ರಾತ್ರಿಯಲ್ಲೂ ಅದು ಕಟ್ಟುತ್ತದೆ. ಕುಫ್ರಿ ಲೀಮಾ ಕೂಡ ಅದೇ ಗುಣದ್ದು. ಬೇಗ ಕೈಗೆ ಬರಬೇಕೆಂದರೆ ಹಳದಿ ತಿರುಳಿನ ಕುಫ್ರಿ ಪುಖರಾಜ್. ಮಕ್ಕಳಿಗೆ ಅಗೆಯುವ ಸಂಭ್ರಮ ಬೇಕಿದ್ದರೆ ನೇರಳೆ ಸಿಪ್ಪೆಯ ಕುಫ್ರಿ ನೀಲಕಂಠ. ಇವೆಲ್ಲ ಪ್ರತಿ ವರ್ಷ ಪ್ರತಿ ಮಾರುಕಟ್ಟೆಗೆ ಬರುವುದಿಲ್ಲ. ಹೊಸ ತಳಿಯ ಹಳೆ ಗಡ್ಡೆಗಿಂತ ಹಳೆ ತಳಿಯ ಹೊಸ ಬಿತ್ತನೆ ಎಷ್ಟೋ ಮೇಲು.

ಮೂಟೆಯ ಗೋಜೇ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಈಚಿನ ವರ್ಷಗಳಲ್ಲಿ ತೆರೆದಿದೆ, ನನಗೆ ಹೆಚ್ಚು ಭರವಸೆಯಿರುವುದು ಅದರ ಮೇಲೆಯೇ. ಅಂಗಾಂಶ ಕೃಷಿಯಲ್ಲಿ ಬೆಳೆಸಿದ ರೋಗವಿಲ್ಲದ ಪುಟ್ಟ ಗಿಡದ ಕುಡಿಯನ್ನು ಚಿವುಟಿ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಬೇರು ಬರಿಸಿ, ಸಸಿಯಾಗಿ ಮಾರುತ್ತಾರೆ. ಪೆರುವಿನಲ್ಲಿ ಕೇಂದ್ರ ಕಚೇರಿಯಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಮತ್ತು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಹಾಸನದ ಸಂಶೋಧಕರು ಇದನ್ನು ಕರ್ನಾಟಕದ ರೈತರ ಬಳಿಗೆ ತಂದರು. ಹಾಸನ, ಚಿಕ್ಕಬಳ್ಳಾಪುರದ ಕಡೆ ಕೆಲವು ನರ್ಸರಿಗಳೂ ರೈತರೂ ಈ ಸಸಿ ಬೆಳೆಸುತ್ತಿದ್ದಾರೆ. ಅವರು ಇದನ್ನು ನೆಡುವುದು ಬಿತ್ತನೆ ಗಡ್ಡೆ ಮಾಡಿಕೊಳ್ಳಲು. ಹಿತ್ತಲಿಗೋ ಇದು ಹೇಳಿ ಮಾಡಿಸಿದ್ದು: ಟೊಮೆಟೊ ಸಸಿಯಂತೆ ಎಣಿಸಿ ಕೊಳ್ಳಬಹುದು, ಬೇಕಾದಷ್ಟೇ ಕೊಳ್ಳಬಹುದು, ಕೊಳೆತ ಗಡ್ಡೆಯ ಭಯವಿಲ್ಲ. ಚಳ್ಳಕೆರೆ, ಹಿರಿಯೂರಿನ ಸುತ್ತ ಟೊಮೆಟೊ, ಮೆಣಸಿನಕಾಯಿ ಸಸಿ ಮಾಡುವ ನರ್ಸರಿಗಳಿವೆ. ನೆರಳುಪರದೆ, ಟ್ರೇ, ನಾರಿನ ಪುಡಿ ಎಲ್ಲ ಇವೆ, ಕೈಪಳಗಿದ ಹೆಂಗಸರೂ ಇದ್ದಾರೆ. ಕೇಳುವವರು ಒಂದಿಷ್ಟು ಜನ ಸೇರಿದರೆ ಅವರು ಹಾಸನದ ಕಡೆಯಿಂದ ತಾಯಿಗಿಡ ತರಿಸಿಕೊಂಡು ಇಲ್ಲೇ ಸಸಿ ಮಾಡಲು ಏನೂ ಅಡ್ಡಿಯಿಲ್ಲ.

ವಿಚಾರಿಸಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬರಿಗೈಲಿ ಬಂದವರನ್ನು ನೋಡಿದ್ದೇನೆ. ಆ ಕೇಂದ್ರ ಕೃಷಿ ಇಲಾಖೆಯದು. ಆಲೂಗಡ್ಡೆ ತೋಟಗಾರಿಕೆ ಇಲಾಖೆಗೆ ಸೇರುತ್ತದೆ. ಚಳ್ಳಕೆರೆಯಲ್ಲೂ ಮೊಳಕಾಲ್ಮುರಿನಲ್ಲೂ ತಾಲ್ಲೂಕು ತೋಟಗಾರಿಕೆ ಕಚೇರಿ ಇದೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಒಬ್ಬೊಬ್ಬರೇ ಹೋಗಿ ಕೇಳುವುದಕ್ಕಿಂತ ಇಪ್ಪತ್ತೈದು ಜನರ ಸಹಿ ಹಾಕಿದ ಕಾಗದ ಒಯ್ದರೆ ಮಾತಿಗೆ ತೂಕ ಬರುತ್ತದೆ. ಅದನ್ನು ಆಗಸ್ಟ್‌ನಲ್ಲೇ ಕೊಡಬೇಕು. ಅಕ್ಟೋಬರಿನಲ್ಲಿ ಕೇಳಿದರೆ ತಡವಾಯಿತು.

ಗಡ್ಡೆ ಮನೆಗೆ ಬಂದ ಕೂಡಲೇ ಮಣ್ಣಿಗೆ ಹಾಕಬಾರದು. ಕೋಲ್ಡ್ ಸ್ಟೋರೇಜಿನ ಎರಡು ನಾಲ್ಕು ಡಿಗ್ರಿ ತಂಪಿನಿಂದ ಬಂದದ್ದು ಮೈ ಬೆವರುತ್ತದೆ. ಚೀಲದಿಂದ ತೆಗೆದು, ನೇರ ಬಿಸಿಲು ಬೀಳದ, ಆದರೆ ಬೆಳಕು ಗಾಳಿ ಆಡುವ ಜಾಗದಲ್ಲಿ ಒಂದೇ ಪದರವಾಗಿ ಹರಡಿ ಹತ್ತು ಹದಿನೈದು ದಿನ ಬಿಡಬೇಕು. ಕತ್ತಲಲ್ಲಿ ಬಂದ ಮೊಳಕೆ ಬಿಳಿಚಿ ಉದ್ದವಾಗಿ ಮುರಿಯುತ್ತದೆ. ಬೆಳಕಲ್ಲಿ ಬಂದದ್ದು ಗಿಡ್ಡ, ದಪ್ಪ, ನೇರಳೆ ಮಿಶ್ರಿತ ಹಸಿರು. ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಿ ನೇಯ್ಗೆಗೆಂದು ಬಿಟ್ಟ ಗವಾಕ್ಷಿಯ ಬೆಳಕಿದೆಯಲ್ಲ, ಅಂಥ ಬೆಳಕು ಸಾಕು. ಚಿಕ್ಕ ಗಡ್ಡೆಯನ್ನು ಇಡಿಯಾಗಿಯೇ ನೆಡಿ. ನಮ್ಮ ಬೆಚ್ಚನೆಯ ಮಣ್ಣಿನಲ್ಲಿ ಹೋಳು ಬೇಗ ಕೊಳೆಯುತ್ತದೆ. ದೊಡ್ಡದನ್ನು ಕತ್ತರಿಸಲೇಬೇಕಾದರೆ ಹೋಳಿಗೆ ಎರಡು ಕಣ್ಣಾದರೂ ಉಳಿಸಿ, ಗಾಯ ಒಣಗುವವರೆಗೆ ನೆರಳಲ್ಲಿಟ್ಟು, ಗಡ್ಡೆಯಿಂದ ಗಡ್ಡೆಗೆ ಚಾಕು ತೊಳೆದು ಮುಂದುವರಿಯಿರಿ.

ಮಡಿಯ ಕೆಲಸ ಇಲ್ಲಿಯವರಿಗೆ ಹೊಸದಲ್ಲ. ಚಳ್ಳಕೆರೆ ಕುರಿಗಳ ಸೀಮೆ. ಕಳಿತ ಕುರಿಗೊಬ್ಬರ, ಒಂದು ಹಿಡಿ ಬೇವಿನ ಇಲ್ಲವೇ ಹೊಂಗೆ ಹಿಂಡಿ ಇದ್ದರೆ ಮಡಿ ಸಿದ್ಧ. ಗೊಬ್ಬರ ಅತಿಯಾದರೆ ಮತ್ತೆ ಎಲೆಯೇ ಬೆಳೆಯುತ್ತದೆ. ಮಸಾರಿ ಮಣ್ಣು ಒಳ್ಳೆಯದು. ಎರೆ ಮಣ್ಣಾದರೆ ಮರಳು ಬೆರೆಸಿ ಏರುಮಡಿ ಮಾಡಬೇಕು. ಶೇಂಗಾ ಬೆಳೆದವರಿಗೆ ಮಣ್ಣು ಏರಿಸುವ ಬೆಲೆ ಗೊತ್ತು: ಹೂವಿನ ಬುಡದಿಂದ ಇಳಿಯುವ ಊಡಿಗೆ ಸಡಿಲ ಮಣ್ಣು ಸಿಗದಿದ್ದರೆ ಕಾಯಿಲ್ಲ. ಆಲೂಗಡ್ಡೆಗೂ ಗಿಡ ಒಂದು ಗೇಣಾದಾಗ ಒಮ್ಮೆ, ಮತ್ತೆ ಎರಡು ಮೂರು ವಾರಕ್ಕೆ ಒಮ್ಮೆ ಬುಡಕ್ಕೆ ಮಣ್ಣು ಕೂಡಿಸಬೇಕು. ಇಲ್ಲದಿದ್ದರೆ ಗಡ್ಡೆ ಬಿಸಿಲಿಗೆ ಬಿದ್ದು ಹಸಿರಾಗುತ್ತದೆ, ಹಸಿರು ಗಡ್ಡೆ ತಿನ್ನಲು ಯೋಗ್ಯವಲ್ಲ. ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಈ ಮಡಿಗೇ ಮೀಸಲಿಡಿ. ಹಿತ್ತಲಿಲ್ಲದ ಬಾಡಿಗೆ ಮನೆಯವರು ಸಿಮೆಂಟ್ ಚೀಲವನ್ನು ಅರ್ಧ ಮಡಿಚಿ ಮಣ್ಣು ತುಂಬಿ ಎರಡು ಗಡ್ಡೆ ನೆಟ್ಟು, ಗಿಡ ಬೆಳೆದಂತೆ ಚೀಲ ಬಿಡಿಸುತ್ತ ಮಣ್ಣು ಏರಿಸಬಹುದು.

ಫೆಬ್ರುವರಿಯಲ್ಲಿ ಅಗೆದ ಗಡ್ಡೆಯಲ್ಲಿ ಚೆಂದದ ನಾಲ್ಕನ್ನು ಮುಂದಿನ ಬಿತ್ತನೆಗೆ ಎತ್ತಿಡಲು ಕೈ ಹೋಗುತ್ತದೆ. ಹೀರೆಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ ತೂಗುಹಾಕಿದ ಕೈ ಅದು. ಆದರೆ ಆಲೂಗಡ್ಡೆ ಎಂಟು ತಿಂಗಳು ನಮ್ಮ ಬೇಸಿಗೆಯನ್ನು ಮನೆಯೊಳಗೆ ದಾಟಲಾರದು, ದಾಟಿದರೂ ನಂಜನ್ನು ಹೊತ್ತೇ ದಾಟುತ್ತದೆ. ಆ ನಾಲ್ಕನ್ನೂ ಪಲ್ಯಕ್ಕೆ ಹಾಕಿಬಿಡಿ. ಬಿತ್ತನೆ ಪ್ರತಿ ವರ್ಷ ಹೊಸದಾಗಿಯೇ ಬರಬೇಕು.

ಮಗ್ಗದ ಮನೆಯ ಆ ತಾಯಿಗೆ ಇಷ್ಟನ್ನೂ ಹೇಳಿದಾಗ ಅವರು ಕೊನೆಗೆ ಕೇಳಿದ್ದು ಒಂದೇ ಮಾತು: ‘ಇಪ್ಪತ್ತೈದು ಮನೆ ಬೇಕೇನಣ್ಣಾ? ನಮ್ಮ ಸಂಘದಾಗೆ ಹದಿನೈದು ಜನ ಅದಾರೆ. ಉಳಿದ ಹತ್ತು ಮನೇನ ಹಿಂದ್ಲ ಬೀದ್ಯಾಗೆ ಕೇಳ್ತೀನಿ.’